ವೆಂಚುರಾ ಹೊಡೆದ ಗ್ರ್ಯಾಂಡ್ ಸ್ಲ್ಯಾಮ್ ಒಂದೇ ರನ್ ಆಗಿದ್ದು ಸರಿಯೇ?

1999ರ ಅಕ್ಟೋಬರ್ 17, ಭಾನುವಾರ. ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಮಳೆ ಜಿನುಗುತ್ತಿದೆ. ಸಂಜೆ ನಾಲ್ಕರ ಹೊತ್ತಿಗೆ ಶುರುವಾದ ಬೇಸ್‌ಬಾಲ್ ಆಟ ರಾತ್ರಿ ಊಟದ ಹೊತ್ತು ಮೀರಿದರೂ ಮುಗಿದಿಲ್ಲ. ಒಂಬತ್ತು ಇನ್ನಿಂಗ್‌ಗೆ ಮುಗಿಯಬೇಕಿದ್ದದ್ದು ಹದಿನೈದನೆಯದಕ್ಕೆ ಬಂದು ನಿಂತಿದೆ. (ಎರಡೂ ತಂಡ ಒಂದೊಂದು ಸಲ ಬ್ಯಾಟ್ ಮಾಡಿದರೆ ಒಂದು ಇನ್ನಿಂಗ್.) ನ್ಯೂಯಾರ್ಕ್ ಮೆಟ್ಸ್ ತಂಡದ ರಾಬಿನ್ ವೆಂಚುರಾ ಬ್ಯಾಟ್ ಬೀಸಿದ. ಚೆಂಡು ಬೇಲಿಯ ಮೇಲಿಂದ ಹಾರಿ ಆಚೆ ಬಿತ್ತು. ಆಗ ಓಟದ ದಾರಿಯಲ್ಲಿ ನಿಲ್ಲುವ ಮೂರು ಬೇಸ್‌ಗಳಲ್ಲೂ ಮೆಟ್ಸ್ ಆಟಗಾರರೇ ಇದ್ದರು. ಅಂದರೆ ಗ್ರ್ಯಾಂಡ್ ಸ್ಲ್ಯಾಮ್, ಒಂದೇ ಹೊಡೆತಕ್ಕೆ ನಾಲ್ಕು ರನ್. 3-3 ಇದ್ದದ್ದು 7-3 ಆಗಬೇಕಿತ್ತು. ಆದರೆ ದಾಖಲೆಯಲ್ಲಿ ಇವತ್ತಿಗೂ ಇರುವುದು 4-3. ವೆಂಚುರಾ ಹೆಸರಿನ ಮುಂದೆ ಹೋಮ್ ರನ್ ಇಲ್ಲ, ಸಿಂಗಲ್, ಅಂದರೆ ಒಂದೇ ಬೇಸ್ ಸಿಗುವ ಹೊಡೆತ, ಅಂತ ಬರೆದಿದೆ.

ಕಾರಣ ಇಷ್ಟೇ. ಅವನು ಮೊದಲನೇ ಬೇಸ್ ಮುಟ್ಟಿದ, ಎರಡನೆಯದನ್ನು ಮುಟ್ಟಲೇ ಇಲ್ಲ. ತಂಡದವರು ಸಂತೋಷ ತಡೆಯಲಾರದೆ ನಡುದಾರಿಯಲ್ಲೇ ಅವನನ್ನು ಎತ್ತಿಕೊಂಡುಬಿಟ್ಟರು.

ಈ ಪ್ರಕರಣದ ಬಗ್ಗೆ ಮಾತು ಬಂದಾಗಲೆಲ್ಲ ಜನ ಎರಡು ಗುಂಪಾಗುತ್ತಾರೆ. ಚೆಂಡು ಬೇಲಿ ದಾಟಿದ್ದನ್ನು ಇಡೀ ಸ್ಟೇಡಿಯಂ ನೋಡಿದೆ, ಬರೀ ಓಟದ ಲೆಕ್ಕ ಹಿಡಿದು ಅದನ್ನು ಸಿಂಗಲ್ ಅನ್ನುವುದು ಮೂರ್ಖತನ ಅನ್ನುವವರು ಒಂದು ಕಡೆ. ನಿಯಮ ನಿಯಮವೇ, ಓಡಲಿಲ್ಲ ಅಂದಮೇಲೆ ಮುಗೀತು ಅನ್ನುವವರು ಇನ್ನೊಂದು ಕಡೆ. ನಾನು ಎರಡನೇ ಗುಂಪಿನ ಕಡೆಗೇ ವಾಲುತ್ತೇನೆ. ಆದರೆ ಅವರು ಕೊಡುವ ಕಾರಣ ನನಗೆ ಸಾಕಾಗುವುದಿಲ್ಲ. 'ನಿಯಮ ನಿಯಮವೇ' ಅನ್ನುವುದು ಉತ್ತರ ಅಲ್ಲ, ಮಾತು ಮುಗಿಸುವ ದಾರಿ ಅಷ್ಟೇ. ಆ ನಿಯಮ ಯಾರನ್ನು ಕಾಯುತ್ತಿದೆ, ಯಾರಿಂದ ಏನನ್ನು ಕೇಳುತ್ತಿದೆ ಅಂತ ನೋಡಬೇಕು. ಅದಕ್ಕೇ ಈ ಒಂದು ಆಟವನ್ನು ಪೂರ್ತಿ ಬಿಡಿಸಿ ನೋಡೋಣ.

ಕ್ರಿಕೆಟ್ ನೋಡಿ ಬೆಳೆದವರಿಗೆ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮಲ್ಲಿ ಸಿಕ್ಸ್ ಹೊಡೆದರೆ ಬ್ಯಾಟರ್ ನಿಂತಲ್ಲೇ ನಿಲ್ಲಬಹುದು. ಚೆಂಡು ಗೆರೆ ದಾಟಿತು, ಆರು ರನ್ ಬಂತು. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಮೈದಾನದಲ್ಲಿ ಚೌಕಾಕಾರವಾಗಿ ನಾಲ್ಕು ಬೇಸ್‌ಗಳಿರುತ್ತವೆ, ಒಂದರಿಂದ ಇನ್ನೊಂದಕ್ಕೆ 90 ಅಡಿ. ಹೊರಟ ಜಾಗವೇ ಕೊನೆಯ ಬೇಸ್, ಅದನ್ನು ಹೋಮ್ ಅಂತ ಕರೆಯುತ್ತಾರೆ. ಚೆಂಡು ಬೇಲಿ ದಾಟಿದರೆ ಯಾರೂ ನಿಮ್ಮನ್ನು ಅಟ್ಟಿಸಿಕೊಂಡು ಬರುವುದಿಲ್ಲ, ಆರಾಮಾಗಿ ಓಡಬಹುದು. ಆದರೂ 360 ಅಡಿ ಸುತ್ತಿ, ಒಂದೊಂದೇ ಬೇಸನ್ನು ಕ್ರಮವಾಗಿ ಮುಟ್ಟಿ, ಹೊರಟ ಜಾಗಕ್ಕೆ ವಾಪಸ್ ಬರಲೇಬೇಕು. ಬಂದರೆ ಮಾತ್ರ ರನ್. ಹೋಮ್ ರನ್ ಅನ್ನುವ ಹೆಸರಲ್ಲೇ ಇದೆಯಲ್ವಾ, ಮನೆಗೆ ಓಡಿ ಬರುವುದು. ಚೆಂಡು ಬೇಲಿ ದಾಟಿದರೆ ಆ ಓಟಕ್ಕೆ ಅಡ್ಡಿ ಇಲ್ಲ ಅಂತ ಮಾತ್ರ ಆಯಿತು. ಓಡುವ ಕೆಲಸ ಹಾಗೇ ಉಳಿದಿರುತ್ತದೆ.

ಆ ರಾತ್ರಿ ನಡೆದದ್ದು

ಇದು ನ್ಯಾಷನಲ್ ಲೀಗ್ ಚಾಂಪಿಯನ್‌ಶಿಪ್ ಸರಣಿಯ ಐದನೇ ಆಟ. ಎದುರಾಳಿ ಅಟ್ಲಾಂಟಾ ಬ್ರೇವ್ಸ್. ನಾಲ್ಕು ಗೆದ್ದವರು ವರ್ಷದ ಫೈನಲ್ ಆದ ವರ್ಲ್ಡ್ ಸೀರೀಸ್‌ಗೆ ಹೋಗುತ್ತಾರೆ. ಬ್ರೇವ್ಸ್ ಆಗಲೇ ಮೂರು ಗೆದ್ದಾಗಿತ್ತು. ಮೆಟ್ಸ್ ಹಿಂದಿನ ರಾತ್ರಿ ಒಂದು ಗೆದ್ದು ಹೇಗೋ ಉಸಿರು ಹಿಡಿದುಕೊಂಡಿತ್ತು. ಈ ಆಟ ಸೋತರೆ ಆ ವರ್ಷದ ಕಥೆ ಮುಗಿದ ಹಾಗೆ.

ಮೊದಲನೇ ಇನ್ನಿಂಗ್‌ನಲ್ಲೇ ಜಾನ್ ಒಲೆರುಡ್ ಬ್ರೇವ್ಸ್‌ನ ಗ್ರೆಗ್ ಮ್ಯಾಡಕ್ಸ್ ಎಸೆದ ಚೆಂಡಿಗೆ ಹೋಮ್ ರನ್ ಹೊಡೆದು ಮೆಟ್ಸ್‌ಗೆ ಎರಡು ರನ್ ತಂದ. ನಾಲ್ಕನೆಯದರಲ್ಲಿ ಬ್ರೇವ್ಸ್ 2-2 ಮಾಡಿತು. ಆಮೇಲೆ ಹತ್ತು ಇನ್ನಿಂಗ್ ಯಾರಿಗೂ ರನ್ ಇಲ್ಲ. ಮೆಟ್ಸ್ ಒಂದೇ ಆಟದಲ್ಲಿ ಒಂಬತ್ತು ಪಿಚರ್‌ಗಳನ್ನು, ಅಂದರೆ ಚೆಂಡು ಎಸೆಯುವವರನ್ನು, ಇಳಿಸಬೇಕಾಯಿತು. ಹದಿಮೂರನೆಯದರಲ್ಲಿ ಬ್ರೇವ್ಸ್‌ನ ಕೀತ್ ಲಾಕ್‌ಹಾರ್ಟ್ ಹೋಮ್ ಮುಟ್ಟಲು ಓಡಿ ಬಂದು ಔಟಾದ. ಹದಿನೈದನೆಯದರಲ್ಲಿ ಅದೇ ಲಾಕ್‌ಹಾರ್ಟ್ ಟ್ರಿಪಲ್ (ಮೂರು ಬೇಸ್ ಸಿಗುವ ಹೊಡೆತ) ಹೊಡೆದು ಬ್ರೇವ್ಸ್‌ಗೆ 3-2 ಮುನ್ನಡೆ ಕೊಟ್ಟ. ಮಳೆಯಲ್ಲಿ ನೆನೆದು ಕೂತಿದ್ದ ಮೆಟ್ಸ್ ಅಭಿಮಾನಿಗಳಿಗೆ ಆ ಹೊತ್ತು ಹೇಗಿದ್ದಿರಬೇಕು ಅಂತ ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈಗ ಮೆಟ್ಸ್ ಬ್ಯಾಟಿಂಗ್. ಬ್ರೇವ್ಸ್ ಪರ ಚೆಂಡು ಎಸೆಯುತ್ತಿದ್ದವನು ಕೆವಿನ್ ಮೆಗ್ಲಿಂಚಿ, ಆ ವರ್ಷವಷ್ಟೇ ದೊಡ್ಡ ಲೀಗ್‌ಗೆ ಬಂದ ಹುಡುಗ. ಶಾನ್ ಡನ್‌ಸ್ಟನ್ ಒಂದಾದ ಮೇಲೊಂದು ಚೆಂಡನ್ನು ಗೆರೆಯಾಚೆ ಫೌಲ್ ಹೊಡೆಯುತ್ತಾ ಅವನನ್ನು ಸತಾಯಿಸಿ, ಹನ್ನೆರಡನೇ ಚೆಂಡಿಗೆ ಸಿಂಗಲ್ ಹೊಡೆದ. ಆಮೇಲೆ ಎರಡನೇ ಬೇಸ್ ಕದ್ದ, ಅಂದರೆ ಯಾರೂ ಚೆಂಡು ಹೊಡೆಯದೆಯೇ ಓಡಿ ಸೇರಿಕೊಂಡ. ಈ ಇಡೀ ಆಟದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾಗುವುದು ಈ ಹನ್ನೆರಡು ಚೆಂಡುಗಳೇ. ಜನ ವೆಂಚುರಾ ಹೊಡೆತವನ್ನು ನೆನಪಿಟ್ಟುಕೊಂಡಿದ್ದಾರೆ, ಆದರೆ ಬಾಗಿಲು ತೆಗೆದವನು ಡನ್‌ಸ್ಟನ್. ಮ್ಯಾಟ್ ಫ್ರ್ಯಾಂಕೋಗೆ ವಾಕ್ ಸಿಕ್ಕಿತು, ಅಂದರೆ ನಾಲ್ಕು ಚೆಂಡು ಗುರಿ ತಪ್ಪಿದ್ದಕ್ಕೆ ಮೊದಲನೇ ಬೇಸ್ ಪುಕ್ಕಟೆ. ಎಡ್ಗಾರ್ಡೊ ಅಲ್ಫಾಂಜೊ ಬಂಟ್ ಮಾಡಿ (ಚೆಂಡನ್ನು ಮೆಲ್ಲಗೆ ತಟ್ಟಿ), ತಾನು ಔಟಾಗಿ, ಇಬ್ಬರನ್ನೂ ಒಂದೊಂದು ಬೇಸ್ ಮುಂದೆ ಕಳಿಸಿದ. ಒಲೆರುಡ್‌ಗೆ ಬ್ರೇವ್ಸ್ ಬೇಕಂತಲೇ ವಾಕ್ ಕೊಟ್ಟಿತು. ಬೇಸ್‌ಗಳು ಭರ್ತಿ. ಮುಂದೆ ಬಂದ ಟಾಡ್ ಪ್ರ್ಯಾಟ್‌ಗೂ ವಾಕ್ ಸಿಕ್ಕಿ, ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿದು, ಡನ್‌ಸ್ಟನ್ ನಡೆದುಕೊಂಡೇ ಹೋಮ್ ಮುಟ್ಟಿದ. 3-3.

ಮೂರನೇ ಬೇಸ್‌ನಲ್ಲಿ ಫ್ರ್ಯಾಂಕೋ ಬದಲಿಗೆ ಓಡಲು ಬಂದಿದ್ದ ರೋಜರ್ ಸೆಡೆನೊ, ಎರಡರಲ್ಲಿ ಒಲೆರುಡ್, ಒಂದರಲ್ಲಿ ಪ್ರ್ಯಾಟ್. ಔಟಾಗಿದ್ದವನು ಒಬ್ಬನೇ. ಈ 'ಒಬ್ಬನೇ' ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ವೆಂಚುರಾ ಹೊಡೆದ. ಸೆಡೆನೊ ಹೋಮ್ ಮುಟ್ಟಿದ, ಆಟ ಗೆದ್ದಾಯಿತು. ವೆಂಚುರಾ ಮೊದಲನೇ ಬೇಸ್ ಮುಟ್ಟಿ ಎರಡನೆಯದರ ಕಡೆ ಹೊರಟ. ಅಷ್ಟರಲ್ಲಿ ಅವನಿಗಿಂತ ಮುಂದಿದ್ದ ಪ್ರ್ಯಾಟ್ ಹಿಂದಕ್ಕೆ ತಿರುಗಿ ಬಂದು ಅವನನ್ನು ಅನಾಮತ್ತಾಗಿ ಎತ್ತಿಕೊಂಡ. ಹಿಂದೆಯೇ ತಂಡದ ಉಳಿದವರೆಲ್ಲ ನುಗ್ಗಿದರು. ಮುಂದೆ ಓಡಲು ದಾರಿಯೂ ಇಲ್ಲ, ಓಡಬೇಕು ಅನ್ನುವ ಯೋಚನೆಯೂ ಯಾರಿಗೂ ಇಲ್ಲ. ಇದೇ ಪ್ರ್ಯಾಟ್ ಎಂಟು ದಿನದ ಹಿಂದೆ, ಅಕ್ಟೋಬರ್ 9ರಂದು, ಅರಿಝೋನಾ ವಿರುದ್ಧ ಹೋಮ್ ರನ್ ಹೊಡೆದು ಹಿಂದಿನ ಸರಣಿಯನ್ನು ಗೆದ್ದುಕೊಟ್ಟಿದ್ದವನು. ಗೆಲುವಿನ ಹೊಡೆತ ಹೊಡೆದವನಿಗೆ ಹೇಗನ್ನಿಸುತ್ತದೆ ಅಂತ ಇಡೀ ತಂಡದಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವನೇ ಹೋಗಿ ದಾರಿಗೆ ಅಡ್ಡ ನಿಂತ.

ಹೊಡೆತ ನೋಡಿದವರಿಗೆ ಅದು 7-3ರ ಗೆಲುವು. ಆಮೇಲೆ ಅಧಿಕೃತ ಲೆಕ್ಕ 4-3 ಅಂತ ತೀರ್ಮಾನವಾಯಿತು. ಆಟ ನಡೆದದ್ದು 5 ಗಂಟೆ 46 ನಿಮಿಷ.

ನಿಯಮ ನಿಜವಾಗಿ ಏನು ಹೇಳುತ್ತದೆ

ಕೊನೆಯ ಸರದಿಯಲ್ಲಿ ಬ್ಯಾಟ್ ಮಾಡುತ್ತಿರುವ ತಂಡ ಮುನ್ನಡೆ ಪಡೆದ ಕ್ಷಣವೇ ಆಟ ಮುಗಿಯುತ್ತದೆ. ಗೆಲ್ಲಲು ಒಂದೇ ರನ್ ಬೇಕಿದ್ದರೆ ಒಂದೇ ರನ್ ಲೆಕ್ಕಕ್ಕೆ. ಹೊಡೆತದ ಲೆಕ್ಕವೂ ಹಾಗೇ. ಗೆಲುವಿನ ರನ್ ತಂದವನು ಎಷ್ಟು ಬೇಸ್ ಮುಂದೆ ಬಂದನೋ, ಹೊಡೆದವನಿಗೂ ಅಷ್ಟೇ ಬೇಸ್ ಸಿಗುತ್ತದೆ. ಅದೂ ಅವನು ಅಷ್ಟು ಬೇಸ್ ಓಡಿದ್ದರೆ ಮಾತ್ರ. ಸೆಡೆನೊ ಮೂರರಿಂದ ಹೋಮ್‌ಗೆ ಬಂದ, ಒಂದು ಬೇಸ್. ಆದ್ದರಿಂದ ವೆಂಚುರಾಗೆ ಒಂದು ಬೇಸ್, ಸಿಂಗಲ್.

ಇದಕ್ಕೆ ಒಂದೇ ಒಂದು ವಿನಾಯಿತಿ. ಚೆಂಡು ಬೇಲಿ ದಾಟಿದರೆ ಹೊಡೆದವನೂ ಬೇಸ್‌ಗಳಲ್ಲಿ ಇದ್ದವರೂ ಎಲ್ಲರೂ ಹೋಮ್‌ಗೆ ಬರಬಹುದು, ಎಲ್ಲ ರನ್ನೂ ಲೆಕ್ಕಕ್ಕೆ ಬರುತ್ತದೆ. ಆಗ ಹೊಡೆದವನು ಹೋಮ್ ಮುಟ್ಟಿದಾಗ ಆಟ ಮುಗಿಯುತ್ತದೆ. ಈ ವಿನಾಯಿತಿ ಮೊದಲಿನಿಂದ ಇದ್ದದ್ದಲ್ಲ. ಬಂದದ್ದು 1920ರಲ್ಲಿ. ಅದಕ್ಕೂ ಮೊದಲು, 1918ರ ಜುಲೈ 8ರಂದು, ಬೇಬ್ ರೂತ್ ಬಾಸ್ಟನ್‌ನ ಫೆನ್‌ವೇ ಪಾರ್ಕಿನಲ್ಲಿ ಚೆಂಡನ್ನು ಪ್ರೇಕ್ಷಕರ ನಡುವೆ ಹೊಡೆದು ಆಟ ಗೆಲ್ಲಿಸಿದ. ಮೊದಲನೇ ಬೇಸ್‌ನಲ್ಲಿ ಇದ್ದವನು ಹೋಮ್‌ಗೆ ಬಂದ ಕೂಡಲೇ ಆಟ ಮುಗಿದದ್ದರಿಂದ ರೂತ್‌ಗೆ ಸಿಕ್ಕಿದ್ದು ಟ್ರಿಪಲ್. 1960ರ ದಶಕದ ಕೊನೆಯಲ್ಲಿ ದಾಖಲೆಗಳನ್ನು ನೋಡಿಕೊಳ್ಳುವ ಸಮಿತಿ ಇಂಥ ಹಳೆಯ ಹೊಡೆತಗಳನ್ನು ಹೋಮ್ ರನ್ ಅಂತ ತಿದ್ದಲು ಹೊರಟಿತು. ಹಾಗೆ ಮಾಡಿದ್ದರೆ ರೂತ್‌ನ ಒಟ್ಟು ಹೋಮ್ ರನ್ 714 ಹೋಗಿ 715 ಆಗುತ್ತಿತ್ತು. ಆಮೇಲೆ ಸಮಿತಿಯೇ ಆ ತೀರ್ಮಾನವನ್ನು ವಾಪಸ್ ಪಡೆಯಿತು. ನನ್ನ ಪ್ರಕಾರ ಸರಿಯಾದ ಕೆಲಸ. ಅವತ್ತು ಯಾವ ನಿಯಮದ ಕೆಳಗೆ ಆಡಿದರೋ ಆ ಲೆಕ್ಕವೇ ಇರಬೇಕು.

ರೂತ್‌ಗೂ ವೆಂಚುರಾಗೂ ಇರುವ ವ್ಯತ್ಯಾಸ ನೋಡಿ. ರೂತ್‌ಗೆ ನಿಯಮವೇ ಹೋಮ್ ರನ್ ಕೊಡಲಿಲ್ಲ. ಅವನು ಹತ್ತು ಸಲ ಮೈದಾನ ಸುತ್ತಿದ್ದರೂ ಸಿಗುತ್ತಿರಲಿಲ್ಲ. ವೆಂಚುರಾಗೆ ನಿಯಮ ನಾಲ್ಕು ರನ್ ಕೈಗಿಟ್ಟು, ಹೋಗಿ ತಗೋ ಅಂದಿತ್ತು. ತಗೊಳ್ಳಲಿಲ್ಲ. ಇದನ್ನು ನಿಯಮ ಮಾಡಿದ ಅನ್ಯಾಯ ಅಂತ ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಯಾವ ಬೇಸ್ ಮುಟ್ಟಲಿಲ್ಲ ಅನ್ನುವುದು ಮುಖ್ಯ

ನಾನು ಈ ಪ್ರಕರಣವನ್ನು ಎಷ್ಟು ಸಲ ನೋಡಿದರೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ಬೇಸ್ ಮುಟ್ಟುವುದು ಅಂದರೆ ಎಲ್ಲವೂ ಒಂದೇ ತೂಕದ್ದಲ್ಲ. ವೆಂಚುರಾ ಮೊದಲನೇ ಬೇಸ್ ಮುಟ್ಟುವುದು ಗೆಲುವಿಗೇ ಬೇಕಾಗಿತ್ತು. ಹೊಡೆದವನು ಮೊದಲನೇ ಬೇಸ್ ಮುಟ್ಟದಿದ್ದರೆ ಆ ಹೊಡೆತವೇ ಪೂರ್ತಿ ಆಗುವುದಿಲ್ಲ. ಅಲ್ಲಿ ಎದುರಾಳಿಗೆ ಕೇಳುವ ಹಕ್ಕಿದೆ. ಅವನು ಅದನ್ನು ಮುಟ್ಟಿದ. ಮೊದಲನೇ ಬೇಸ್ ಮುಟ್ಟಿದೆ, ಗೆದ್ದೆವು, ಅಷ್ಟು ಸಾಕು ಅನ್ನುವ ಅರ್ಥದ ಮಾತನ್ನು ಅವನೇ ಆಡಿದ. ಉಳಿದ ಮೂರು ಬೇಸ್‌ಗಳಿಂದ ಬ್ರೇವ್ಸ್‌ಗೆ ಏನೂ ಆಗಬೇಕಿರಲಿಲ್ಲ. ಅವು ವೆಂಚುರಾನ ಸ್ವಂತ ಲೆಕ್ಕಕ್ಕೆ ಸೇರಿದವು.

ಗೆಲುವಿಗೇ ಪೆಟ್ಟು ಬಿದ್ದ ಪ್ರಕರಣ ಅಂದರೆ 1908ರ ಫ್ರೆಡ್ ಮರ್ಕಲ್‌ನದು. ಅದೂ ನ್ಯೂಯಾರ್ಕಿನಲ್ಲೇ, ಪೋಲೋ ಗ್ರೌಂಡ್ಸ್‌ನಲ್ಲಿ, ಸೆಪ್ಟೆಂಬರ್ 23ರಂದು. ಜೈಂಟ್ಸ್ ತಂಡದ ಬ್ರಿಡ್‌ವೆಲ್ ಹೊಡೆದ ಸಿಂಗಲ್‌ಗೆ ಮೂರನೇ ಬೇಸ್‌ನಲ್ಲಿದ್ದವನು ಹೋಮ್ ಮುಟ್ಟಿದ. ಜನ ಮೈದಾನಕ್ಕೆ ನುಗ್ಗಿದರು. ಮೊದಲನೇ ಬೇಸ್‌ನಲ್ಲಿದ್ದ 19 ವರ್ಷದ ಮರ್ಕಲ್ ಗೆದ್ದಾಯಿತಲ್ಲ ಅಂತ ಎರಡನೇ ಬೇಸ್ ಮುಟ್ಟದೆ ಹೊರಟುಬಿಟ್ಟ. ಆಗ ಇಬ್ಬರು ಔಟಾಗಿದ್ದರು, ಮೂವರು ಔಟಾದರೆ ತಂಡದ ಸರದಿ ಮುಗಿಯುತ್ತದೆ. ಶಿಕಾಗೋ ಕಬ್ಸ್‌ನ ಜಾನಿ ಎವರ್ಸ್ ಅಂಪೈರನ್ನು ಕೇಳಿದ, ಮರ್ಕಲ್ ಮೂರನೇ ಔಟ್ ಆದ, ಗೆಲುವಿನ ರನ್ ಹೋಯಿತು, ಆಟ ಟೈ ಅಂತ ಬರೆಯಲಾಯಿತು. ಲೀಗಿನ ಕೊನೆಗೆ ಎರಡೂ ತಂಡ ಸಮ ನಿಂತವು, ಆ ಆಟವನ್ನು ಮತ್ತೆ ಆಡಿಸಬೇಕಾಯಿತು, ಅಕ್ಟೋಬರ್ 8ರಂದು ಕಬ್ಸ್ 4-2ರಿಂದ ಗೆದ್ದು ವರ್ಲ್ಡ್ ಸೀರೀಸ್‌ಗೆ ಹೋಗಿ ಅದನ್ನೂ ಗೆದ್ದಿತು. ಒಂದು ಬೇಸ್ ಮುಟ್ಟದ ತಪ್ಪು ಪಾಪ ಆ ಹುಡುಗನನ್ನು ಜೀವನಪೂರ್ತಿ ಕಾಡಿತು.

ವೆಂಚುರಾನ ರಾತ್ರಿ ಔಟಾಗಿದ್ದವನು ಒಬ್ಬನೇ ಅಂದೆನಲ್ಲ, ಅದು ಇದಕ್ಕೇ ಬೇಕಾಗಿತ್ತು. ಪ್ರ್ಯಾಟ್ ಹಿಂದಕ್ಕೆ ಬಂದ, ವೆಂಚುರಾ ಅವನನ್ನು ದಾಟಿಬಿಟ್ಟ ಅಂತಲೇ ಇಟ್ಟುಕೊಳ್ಳಿ. ಮುಂದಿದ್ದವನನ್ನು ದಾಟಿದರೆ ದಾಟಿದವನು ಔಟ್, ಇದು ನಿಯಮ. ಆದರೂ ಅದು ಎರಡನೇ ಔಟ್ ಅಷ್ಟೇ, ಸೆಡೆನೊ ತಂದ ರನ್‌ಗೆ ಏನೂ ಆಗುತ್ತಿರಲಿಲ್ಲ. ಇಬ್ಬರು ಔಟಾಗಿದ್ದು ಪ್ರ್ಯಾಟ್ ಇದೇ ಕೆಲಸ ಮಾಡಿದ್ದರೆ ಮರ್ಕಲ್‌ನ ನೆರಳು ಮೈದಾನಕ್ಕೆ ಬೀಳುತ್ತಿತ್ತು, ಅಂಪೈರ್‌ಗಳು ನಿಂತು ಯೋಚಿಸಬೇಕಾಗುತ್ತಿತ್ತು.

ಹೀಗೆ ದಾಟಿ ಕೆಟ್ಟವರಲ್ಲಿ ದೊಡ್ಡ ಹೆಸರು ಲೂ ಗೆಹ್ರಿಗ್‌ನದು. 1931ರ ಏಪ್ರಿಲ್ 26, ವಾಷಿಂಗ್ಟನ್. ಗೆಹ್ರಿಗ್ ಹೊಡೆದ ಚೆಂಡು ಪ್ರೇಕ್ಷಕರ ಕಡೆ ಬಿದ್ದು ಪುಟಿದು ಫೀಲ್ಡರ್ ಕೈಗೆ ಬಂತು. ಬೇಸ್‌ನಲ್ಲಿದ್ದ ಲಿನ್ ಲ್ಯಾರಿ ಕ್ಯಾಚ್ ಆಯಿತು ಅಂದುಕೊಂಡು ಮೂರನೇ ಬೇಸ್ ದಾಟಿ ಸೀದಾ ತಂಡದವರು ಕೂರುವ ಜಾಗಕ್ಕೆ ಹೋದ. ತಲೆ ತಗ್ಗಿಸಿ ಓಡುತ್ತಿದ್ದ ಗೆಹ್ರಿಗ್ ಅವನನ್ನು ದಾಟಿದ ಲೆಕ್ಕವಾಗಿ ಔಟಾದ. ಹೋಮ್ ರನ್ ಹೋಗಿ ಟ್ರಿಪಲ್, ಎರಡು ರನ್ ನಷ್ಟ, ಯಾಂಕೀಸ್ ಆ ಆಟವನ್ನು 9-7ಕ್ಕೆ ಸೋತಿತು. ವರ್ಷದ ಕೊನೆಗೆ ಹೋಮ್ ರನ್ ಲೆಕ್ಕದಲ್ಲಿ ಗೆಹ್ರಿಗ್ 46, ರೂತ್ 46, ಇಬ್ಬರೂ ಸಮ. ಆ ಒಂದು ಇದ್ದಿದ್ದರೆ ಆ ವರ್ಷ ಗೆಹ್ರಿಗ್ ಒಬ್ಬನೇ ಮೇಲಿರುತ್ತಿದ್ದ. ಮನಸ್ಸು ಹಿಂಡುವ ಪ್ರಕರಣ ಅಂದರೆ ನನಗೆ ಇದು. ಇಲ್ಲಿ ಹೊಡೆದವನು ತನ್ನ ಕೆಲಸ ಪೂರ್ತಿ ಮಾಡಿದ್ದ. ಬೇಸ್ ಮುಟ್ಟಿದ್ದ, ಓಡಿದ್ದ. ತಪ್ಪು ಇನ್ನೊಬ್ಬನದು, ಬೆಲೆ ಇವನದು.

1959ರ ಮೇ 26ರಂದು ಮಿಲ್ವಾಕಿಯಲ್ಲಿ ನಡೆದದ್ದು ಇನ್ನೂ ವಿಚಿತ್ರ. ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಹಾರ್ವಿ ಹ್ಯಾಡಿಕ್ಸ್ 12 ಇನ್ನಿಂಗ್, ಸತತವಾಗಿ 36 ಬ್ಯಾಟರ್‌ಗಳು, ಒಬ್ಬನನ್ನೂ ಮೊದಲನೇ ಬೇಸ್‌ಗೆ ಬಿಡಲಿಲ್ಲ. ಆದರೆ ಅವನ ತಂಡವೂ ಒಂದು ರನ್ ಮಾಡಲಿಲ್ಲ. ಹದಿಮೂರನೆಯದರಲ್ಲಿ ಫೀಲ್ಡರ್ ತಪ್ಪಿನಿಂದ ಒಬ್ಬ ಬೇಸ್ ಹತ್ತಿದ, ಹ್ಯಾಂಕ್ ಆರನ್‌ಗೆ ಬೇಕಂತಲೇ ವಾಕ್ ಕೊಟ್ಟರು, ಜೋ ಆಡ್‌ಕಾಕ್ ಚೆಂಡನ್ನು ಬೇಲಿ ದಾಟಿಸಿದ. ಚೆಂಡು ಬೇಲಿಯೊಳಗೇ ಬಿತ್ತು, ಮುಂದಿನವನು ಹೋಮ್ ಮುಟ್ಟಿದ್ದೇ ಆಟ ಮುಗಿಯಿತು ಅಂದುಕೊಂಡ ಆರನ್ ನಡುವಿನಿಂದಲೇ ವಾಪಸ್ ಹೊರಟ. ಆಡ್‌ಕಾಕ್ ಅವನನ್ನು ದಾಟಿ ಔಟಾದ. ಕೊನೆಗೆ ಲೀಗಿನ ಅಧ್ಯಕ್ಷ ವಾರನ್ ಜೈಲ್ಸ್ ಆ ಹೊಡೆತ ಡಬಲ್, ಸ್ಕೋರ್ 1-0 ಅಂತ ತೀರ್ಮಾನ ಕೊಟ್ಟರು. ಸೋಲಂತೂ ಹ್ಯಾಡಿಕ್ಸ್‌ನದೇ, 3-0 ಆಗಿದ್ದರೂ ಅಷ್ಟೇ, 1-0 ಆದರೂ ಅಷ್ಟೇ. ಇದು ವೆಂಚುರಾ ಪ್ರಕರಣಕ್ಕೆ ತುಂಬಾ ಹತ್ತಿರ. ಗೆದ್ದವರು ಬದಲಾಗಲಿಲ್ಲ, ಲೆಕ್ಕ ಮಾತ್ರ ಬದಲಾಯಿತು.

ಅವನ ತಪ್ಪಲ್ಲವಲ್ಲ ಅನ್ನುವ ವಾದ

ವೆಂಚುರಾ ಪರ ಮಾತಾಡುವವರ ಗಟ್ಟಿ ವಾದ ಇದು. ಅವನು ಓಡಲು ಹೊರಟಿದ್ದ, ತಡೆದವರು ಬೇರೆಯವರು, ಹಾಗಿರುವಾಗ ಶಿಕ್ಷೆ ಅವನಿಗೆ ಯಾಕೆ? ಇದಕ್ಕೆ ಉತ್ತರ 1976ರ ಕ್ರಿಸ್ ಚಾಂಬ್ಲಿಸ್ ಪ್ರಕರಣದಲ್ಲಿದೆ. ಅಕ್ಟೋಬರ್ 14, ಯಾಂಕಿ ಸ್ಟೇಡಿಯಂ, ಕಾನ್ಸಾಸ್ ಸಿಟಿ ರಾಯಲ್ಸ್ ವಿರುದ್ಧ ಸರಣಿಯ ಕೊನೆಯ ಆಟ, ಒಂಬತ್ತನೇ ಇನ್ನಿಂಗ್, 6-6. ಮಾರ್ಕ್ ಲಿಟೆಲ್ ಹಾಕಿದ ಮೊದಲನೇ ಚೆಂಡನ್ನೇ ಚಾಂಬ್ಲಿಸ್ ಬೇಲಿ ದಾಟಿಸಿದ. ಅವನು ಸುತ್ತು ಮುಗಿಸುವ ಮೊದಲೇ ಸಾವಿರಾರು ಜನ ಮೈದಾನಕ್ಕೆ ಇಳಿದರು. ಬೇಸ್‌ಗಳನ್ನು ಕಿತ್ತುಕೊಂಡು ಹೋದರು. ಅವನು ಜನರನ್ನು ತಳ್ಳಿಕೊಂಡು ಓಡಿದ, ಹೋಮ್ ತಲುಪಲು ಆಗಲೇ ಇಲ್ಲ, ಕೊನೆಗೆ ಜೀವ ಉಳಿದರೆ ಸಾಕು ಅಂತ ಒಳಗೆ ಹೋದ. ಆಮೇಲೆ ಪೊಲೀಸರ ಜೊತೆ ವಾಪಸ್ ಬಂದು ನೋಡಿದರೆ ಹೋಮ್ ಪ್ಲೇಟೇ ಇಲ್ಲ, ಅದನ್ನೂ ಯಾರೋ ಕಿತ್ತಿದ್ದರು. ಅದು ಇದ್ದ ಜಾಗವನ್ನು ಮುಟ್ಟಿ ಹೋದ. ರನ್ ಲೆಕ್ಕಕ್ಕೆ ಬಂತು, ಯಾಂಕೀಸ್ 7-6ರಿಂದ ಗೆದ್ದಿತು. ಪ್ರೇಕ್ಷಕರು ನುಗ್ಗಿ ಓಡುವವನಿಗೆ ಅಡ್ಡಿಯಾದರೆ ಅವನಿಗೆ ಬೇಸ್ ಕೊಡಬಹುದು ಅಂತ ನಿಯಮದಲ್ಲೇ ಜಾಗವಿದೆ.

ಹೊರಗಿನವರು ತಡೆದರೆ ಒಂದು ನ್ಯಾಯ, ಮನೆಯವರೇ ತಡೆದರೆ ಇನ್ನೊಂದು. ನನಗೆ ಇದು ಸರಿಯಾಗೇ ಕಾಣುತ್ತದೆ. ಪ್ರ್ಯಾಟ್ ಮೆಟ್ಸ್ ಆಟಗಾರ, ಆ ಹೊತ್ತಿಗೆ ಆಟದಲ್ಲಿದ್ದವನು, ತಾನೂ ಹೋಮ್ ಕಡೆ ಓಡಬೇಕಾಗಿದ್ದವನು. ತಂಡದವರು ಹತ್ತು ನಿಮಿಷ ಕುಣಿದು, ಆಮೇಲೆ ದಾರಿ ಬಿಟ್ಟು, ಹೋಗಪ್ಪಾ ಸುತ್ತಿ ಬಾ ಅಂದಿದ್ದರೂ ಆಗುತ್ತಿತ್ತೇನೋ. ಅವರಿಗದು ಬೇಕೇ ಆಗಿರಲಿಲ್ಲ. ಗೆಲುವು ಬೇಕಿತ್ತು, ಸಿಕ್ಕಿತ್ತು.

ಇನ್ನೊಂದು ಹೋಲಿಕೆ ಹಿಂದಿನ ವರ್ಷದ್ದೇ. 1998ರ ಸೆಪ್ಟೆಂಬರ್ 8ರಂದು ಮಾರ್ಕ್ ಮೆಗ್‌ವೈರ್ ಸೇಂಟ್ ಲೂಯಿಸ್‌ನಲ್ಲಿ ಆ ವರ್ಷದ 62ನೇ ಹೋಮ್ ರನ್ ಹೊಡೆದ. ರಾಜರ್ ಮ್ಯಾರಿಸ್‌ನ 61ರ ದಾಖಲೆ ಮುರಿಯುವ ಹೊಡೆತ, ಇಡೀ ದೇಶ ಟಿವಿ ಮುಂದೆ ಕೂತಿದೆ. ಸಂಭ್ರಮದಲ್ಲಿ ಮೆಗ್‌ವೈರ್ ಮೊದಲನೇ ಬೇಸ್ ಮುಟ್ಟದೆ ದಾಟಿದ. ಅಲ್ಲೇ ನಿಂತಿದ್ದ ಕೋಚ್ ಡೇವ್ ಮೆಕೇ ಅವನನ್ನು ವಾಪಸ್ ಕರೆದ. ಹಿಂದೆ ಬಂದು ಬೇಸ್ ಮುಟ್ಟಿ ಮುಂದೆ ಹೋದ. ಇಂಥ ಹೊತ್ತಲ್ಲೂ ಒಬ್ಬ ಮನುಷ್ಯ ಬೇಸ್ ಕಡೆ ಕಣ್ಣಿಟ್ಟಿದ್ದ ಅಂದರೆ, ಆಟದ ಒಳಗಿರುವವರಿಗೆ ಈ ಮುಟ್ಟುವುದು ಎಷ್ಟು ದೊಡ್ಡದು ಅಂತ ತಿಳಿಯುತ್ತದೆ.

ನಮ್ಮ ಕಡೆಯ ಎರಡು ಉದಾಹರಣೆ

ಇದೆಲ್ಲ ಅಮೆರಿಕದವರ ತಲೆನೋವು ಅನ್ನಿಸಿದರೆ ಕ್ರಿಕೆಟ್ಟಿಗೆ ಬನ್ನಿ. 2010ರ ಆಗಸ್ಟ್ 16, ಶ್ರೀಲಂಕಾದ ದಾಂಬುಲ್ಲ. ಗೆಲ್ಲಲು ಒಂದು ರನ್ ಬೇಕು, ಸೆಹ್ವಾಗ್ 99. ಸೂರಜ್ ರಣದೀವ್ ಬೇಕಂತಲೇ ನೋ ಬಾಲ್ ಹಾಕಿದ. ಸೆಹ್ವಾಗ್ ಅದನ್ನು ಸಿಕ್ಸ್ ಎತ್ತಿದ. ಆದರೆ ನೋ ಬಾಲ್‌ನ ಒಂದು ರನ್‌ಗೇ ಪಂದ್ಯ ಮುಗಿದಿತ್ತು, ಸಿಕ್ಸ್ ಲೆಕ್ಕಕ್ಕೆ ಬರಲಿಲ್ಲ, ಶತಕ ಹೋಯಿತು. ನಮಗೆಲ್ಲ ಸಿಟ್ಟು ಬಂದದ್ದು ನಿಯಮದ ಮೇಲೆ ಅಲ್ಲ, ಅದನ್ನು ಬಳಸಿಕೊಂಡ ಮನಸ್ಸಿನ ಮೇಲೆ. ಶ್ರೀಲಂಕಾ ಮಂಡಳಿಯೇ ರಣದೀವ್‌ಗೆ ಒಂದು ಪಂದ್ಯದ ನಿಷೇಧ ಹಾಕಿತು. ಹಾಗಿದ್ದರೂ ಸೆಹ್ವಾಗ್ ಹೆಸರಿಗೆ 100 ಬರೆಯಲಿಲ್ಲ.

ಇನ್ನೊಂದು ಶಾರ್ಟ್ ರನ್ನಿನದು, ಬೇಸ್ ಮುಟ್ಟುವುದಕ್ಕೆ ನಮ್ಮಲ್ಲಿ ಅತಿ ಹತ್ತಿರದ್ದು ಅದೇ. 2020ರ ಸೆಪ್ಟೆಂಬರ್ 20, ದುಬೈ, ಐಪಿಎಲ್. ಪಂಜಾಬ್ ತಂಡಕ್ಕೆ ನಮ್ಮ ಕೆ.ಎಲ್. ರಾಹುಲ್ ನಾಯಕ, ಅನಿಲ್ ಕುಂಬ್ಳೆ ಕೋಚ್, ಕ್ರೀಸ್‌ನಲ್ಲಿ ಮಯಂಕ್ ಅಗರ್ವಾಲ್. ಹತ್ತೊಂಬತ್ತನೇ ಓವರಿನಲ್ಲಿ ಮಯಂಕ್ ಮತ್ತು ಕ್ರಿಸ್ ಜೋರ್ಡನ್ ಎರಡು ರನ್ ಓಡಿದರು. ಜೋರ್ಡನ್ ಬ್ಯಾಟ್ ಗೆರೆ ಮುಟ್ಟಿಸಲಿಲ್ಲ ಅಂತ ಅಂಪೈರ್ ಒಂದು ರನ್ ಕಳೆದರು. ಟಿವಿಯಲ್ಲಿ ನೋಡಿದರೆ ಬ್ಯಾಟ್ ಗೆರೆಯೊಳಗೇ ಇತ್ತು. ಪಂದ್ಯ ಟೈ ಆಯಿತು, ಸೂಪರ್ ಓವರ್‌ನಲ್ಲಿ ಡೆಲ್ಲಿ ಗೆದ್ದಿತು. ಮಯಂಕ್‌ನ 89 ವ್ಯರ್ಥವಾಯಿತು. ಆ ರಾತ್ರಿ ನಾವ್ಯಾರೂ, ಒಂದು ಇಂಚಿಗೆಲ್ಲ ರನ್ ಕಳೀತಾರಾ, ಈ ನಿಯಮವೇ ಬೇಡ ಅಂತ ಹೇಳಲಿಲ್ಲ. ಅವನು ಮುಟ್ಟಿದ್ದಾನೆ, ಸರಿಯಾಗಿ ನೋಡಿ ಅಂತ ಕೂಗಾಡಿದೆವು. ಮುಟ್ಟುವುದು ಲೆಕ್ಕಕ್ಕೆ ಬರಬೇಕು ಅಂತ ನಮಗೂ ಒಳಗೊಳಗೇ ಗೊತ್ತು.

ನನ್ನ ಅಭಿಪ್ರಾಯ

ಮುಟ್ಟದ ಬೇಸ್ ಗೆಲುವನ್ನು ತಡೆಯುವಂಥದ್ದಾದರೆ ಅದನ್ನು ಬಿಗಿಯಾಗಿ ನೋಡಬೇಕು, ಎದುರಾಳಿ ಕೇಳಿದರೆ ತೀರ್ಪು ಕೊಡಬೇಕು. ಮುಟ್ಟದ ಬೇಸ್ ಆಟಗಾರನ ಸ್ವಂತ ಲೆಕ್ಕಕ್ಕೆ ಮಾತ್ರ ಸೇರಿದ್ದಾದರೆ ಗೆಲುವಿಗೆ ಕೈ ಹಚ್ಚಬಾರದು, ಹಾಗೇ ಆ ಲೆಕ್ಕವನ್ನು ಮರುಕದಿಂದ ತುಂಬಿಸಲೂ ಬಾರದು. ಶೇ ಸ್ಟೇಡಿಯಂನಲ್ಲಿ ಆದದ್ದು ಸರಿಯಾಗಿ ಇಷ್ಟೇ. ಗೆಲುವು ಮೆಟ್ಸ್‌ಗೆ ಉಳಿಯಿತು, ಹೋಮ್ ರನ್ ವೆಂಚುರಾಗೆ ಸಿಗಲಿಲ್ಲ.

ಇನ್ನೊಬ್ಬನನ್ನೂ ಇಲ್ಲಿ ನೆನೆಯಬೇಕು, ಯಾರೂ ನೆನೆಯುವುದಿಲ್ಲ. ಮೆಗ್ಲಿಂಚಿ. 7-3 ಅಂತ ಬರೆದರೆ ಆ ಹೊಸ ಹುಡುಗನ ಹೆಸರಿಗೆ ಇನ್ನೂ ಮೂರು ರನ್ ಜಾಸ್ತಿ ಬೀಳುತ್ತಿತ್ತು. ಪ್ರ್ಯಾಟ್, ವೆಂಚುರಾ, ಈ ಇಬ್ಬರೂ ಹೋಮ್ ಮುಟ್ಟಿಲ್ಲ. ಯಾರೂ ಓಡಿ ತರದ ರನ್ನನ್ನು, ವೆಂಚುರಾ ಮೇಲಿನ ಪ್ರೀತಿಗೆ, ಮೆಗ್ಲಿಂಚಿ ತಲೆಗೆ ಕಟ್ಟುವುದು ಯಾವ ನ್ಯಾಯ? ಲೆಕ್ಕದ ಪುಸ್ತಕಕ್ಕೆ ಎರಡು ಬದಿ ಇರುತ್ತದೆ, ಒಂದು ಕಡೆ ಉದಾರವಾದರೆ ಇನ್ನೊಂದು ಕಡೆ ಯಾರೋ ಕೊಡಬೇಕಾಗುತ್ತದೆ.

ವೆಂಚುರಾಗೆ ಇದರಿಂದ ನಷ್ಟವಾಗಲಿಲ್ಲವೇ ಅಂದರೆ, ಆಯಿತು, ಸಣ್ಣದೇನಲ್ಲ. ಅವನು ಗ್ರ್ಯಾಂಡ್ ಸ್ಲ್ಯಾಮ್‌ಗೇ ಹೆಸರಾದವನು. ಲೀಗ್ ಆಟಗಳಲ್ಲಿ ಒಟ್ಟು 18 ಹೊಡೆದಿದ್ದಾನೆ. ಅದೇ 1999ರ ಮೇ 20ರಂದು ಮಿಲ್ವಾಕಿ ವಿರುದ್ಧ ಒಂದೇ ದಿನದ ಎರಡು ಆಟದಲ್ಲಿ ಒಂದೊಂದು ಹೊಡೆದಿದ್ದ, ಹಾಗೆ ಮಾಡಿದ ಮೊದಲಿಗ ಅವನೇ. ಅಕ್ಟೋಬರ್‌ನ ಆ ಹೊಡೆತ ಲೆಕ್ಕಕ್ಕೆ ಬಂದಿದ್ದರೆ, ಪ್ಲೇಆಫ್ ಇತಿಹಾಸದಲ್ಲಿ ಗ್ರ್ಯಾಂಡ್ ಸ್ಲ್ಯಾಮ್‌ನಿಂದ ಆಟ ಮುಗಿಸಿದ ಮೊದಲ ಆಟಗಾರ ಅವನಾಗುತ್ತಿದ್ದ. ಆ ಜಾಗ ಹನ್ನೆರಡು ವರ್ಷ ಖಾಲಿ ಇತ್ತು. 2011ರ ಅಕ್ಟೋಬರ್ 10ರಂದು ಟೆಕ್ಸಾಸ್‌ನ ನೆಲ್ಸನ್ ಕ್ರೂಸ್ ಡೆಟ್ರಾಯ್ಟ್ ವಿರುದ್ಧ ಹನ್ನೊಂದನೇ ಇನ್ನಿಂಗ್‌ನಲ್ಲಿ ಹೊಡೆದು ಅದನ್ನು ತುಂಬಿದ. ಕ್ರೂಸ್ ಸುತ್ತು ಪೂರ್ತಿ ಓಡಿದ್ದ. 7-3 ಅಂತ ತಿದ್ದಿದರೆ ಅವನಿಂದ ಆ ಜಾಗ ಕಿತ್ತುಕೊಂಡ ಹಾಗಾಗುತ್ತದೆ, ನನಗೆ ಅದು ಒಪ್ಪಿಗೆಯಿಲ್ಲ.

ಮೆಟ್ಸ್ ಕಥೆ ಆ ಗೆಲುವಿನಿಂದ ಎರಡೇ ದಿನ ಮುಂದೆ ಹೋಯಿತು. ಅಕ್ಟೋಬರ್ 19ರಂದು ಅಟ್ಲಾಂಟಾದಲ್ಲಿ ಹನ್ನೊಂದು ಇನ್ನಿಂಗ್ ಆಡಿ 10-9ಕ್ಕೆ ಸೋತರು. ಕೊನೆಯ ರನ್ ಬಂದದ್ದು ಬೇಸ್‌ಗಳು ಭರ್ತಿ ಇದ್ದಾಗ ಕೆನಿ ರಾಜರ್ಸ್ ಕೊಟ್ಟ ವಾಕ್‌ನಿಂದ. ಬ್ರೇವ್ಸ್ ವರ್ಲ್ಡ್ ಸೀರೀಸ್‌ಗೆ ಹೋಗಿ ಯಾಂಕೀಸ್‌ಗೆ ನಾಲ್ಕೂ ಆಟ ಸೋತಿತು.

ಇನ್ನು ವರ್ಲ್ಡ್ ಸೀರೀಸ್‌ನಲ್ಲೇ ಗ್ರ್ಯಾಂಡ್ ಸ್ಲ್ಯಾಮ್‌ನಿಂದ ಆಟ ಮುಗಿದದ್ದು ಇನ್ನೂ ತಡವಾಗಿ, 2024ರ ಅಕ್ಟೋಬರ್ 25ರಂದು, ಲಾಸ್ ಏಂಜಲಿಸ್‌ನಲ್ಲಿ. ಡಾಡ್ಜರ್ಸ್‌ನ ಫ್ರೆಡಿ ಫ್ರೀಮನ್ ಹತ್ತನೇ ಇನ್ನಿಂಗ್‌ನಲ್ಲಿ, ಇಬ್ಬರು ಔಟಾಗಿದ್ದಾಗ, ಯಾಂಕೀಸ್‌ನ ನೆಸ್ಟರ್ ಕೊರ್ಟೆಸ್ ಹಾಕಿದ ಚೆಂಡನ್ನು ಎತ್ತಿ ಹೊಡೆದ. ಉಳುಕಿದ ಕಣಕಾಲಿನಲ್ಲೇ ಆಡುತ್ತಿದ್ದವನು ಅವನು. ಆ ಕಾಲಿನಲ್ಲೇ ಒಂದು, ಎರಡು, ಮೂರು ಬೇಸ್ ಸುತ್ತಿ, ಕಾದು ನಿಂತಿದ್ದ ತಂಡದವರ ನಡುವೆ ಹೋಮ್ ಮುಟ್ಟಿದ. ಸ್ಕೋರ್ 6-3 ಅಂತ ಬಿತ್ತು. ಅದಾದ ಮೇಲೆ ಬಲೆಯ ಹಿಂದೆ ನಿಂತಿದ್ದ ಅಪ್ಪನ ಕಡೆ ಓಡಿದ.